ಗುಳಿಗೆ ಒಂದೇ, ಮಕ್ಕಳ ಮೈ ಬೇರೆ

ನ್ಯಾಮತಿ, ಹೊನ್ನಾಳಿ ಕಡೆಯ ತಾಯಂದಿರು ಹೀಗೆ ಕೇಳುವುದುಂಟು: "ಡಾಕ್ಟ್ರೇ, ಇಬ್ರಿಗೂ ಅದೇ ಟಿ.ಬಿ. ಗುಳಿಗೆ. ದೊಡ್ಡವನು ಆರಾಮಾಗಿದಾನೆ, ಚಿಕ್ಕವಳಿಗೆ ಮಾತ್ರ ಊಟ ಸೇರ್ತಿಲ್ಲ. ಉಷ್ಣ ಆಗಿರ್ಬೇಕು, ಒಂದು ಗುಳಿಗೆ ಕಡಿಮೆ ಮಾಡ್ಲಾ?"

ಬೇಡಮ್ಮ. ಇದರಲ್ಲಿ ಉಷ್ಣದ ಪಾತ್ರವಿಲ್ಲ.

ಟಿ.ಬಿ. ಗುಳಿಗೆಯೊಳಗೆ ಐಸೋನಿಯಜಿಡ್ ಎಂಬ ಔಷಧಿ ಇರುತ್ತದೆ. ಅದನ್ನು ಮುರಿದು ಹೊರಗೆ ಹಾಕುವುದು ಲಿವರ್. ಈ ಕೆಲಸ ಎಷ್ಟು ಚುರುಕಾಗಿ ನಡೆಯಬೇಕೆಂಬುದನ್ನು ಎನ್‌ಎಟಿ2 ಎಂಬ ಜೀನ್ ತೀರ್ಮಾನಿಸುತ್ತದೆ. ಚುರುಕಿನವರ ರಕ್ತದಲ್ಲಿ ಔಷಧಿ ಸುಮಾರು ಒಂದೂವರೆ ಗಂಟೆಯೊಳಗೆ ಅರ್ಧಕ್ಕಿಳಿದರೆ, ನಿಧಾನದವರಲ್ಲಿ ಮೂರು ಗಂಟೆಯೋ ಇನ್ನೂ ಹೆಚ್ಚೋ ಬೇಕು. ನಮ್ಮ ದೇಶದಲ್ಲಿ ನಿಧಾನದವರೇ ಅರ್ಧಕ್ಕಿಂತ ಹೆಚ್ಚು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಈ ಜೀನ್‌ನ ಎರಡೂ ಪ್ರತಿ ನಿಧಾನದ್ದೇ ಬಂದರೆ ಮಗುವೂ ನಿಧಾನ. ಒಡಹುಟ್ಟಿದವರಲ್ಲೇ ಇಬ್ಬರು ಎರಡು ತರಹ ಇರುವುದು ಹೀಗೆ. ಇದು ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ.

ಈ ವ್ಯತ್ಯಾಸವನ್ನು ಮದ್ರಾಸಿನಲ್ಲಿ 1956ರಲ್ಲಿ ಶುರುವಾದ ಕ್ಷಯ ಸಂಶೋಧನಾ ಕೇಂದ್ರದವರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ವಾರಕ್ಕೊಮ್ಮೆ ಔಷಧಿ ಕೊಟ್ಟಾಗ ಚುರುಕಿನವರಿಗೆ ಗುಣ ಕಾಣುವುದು ಕಡಿಮೆಯಾಯಿತು. ದಿನವೂ ಕೊಟ್ಟಾಗ ಆ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ನಡುವೆ ಒಂದೆರಡು ದಿನ ಬಿಟ್ಟರೇನು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇನ್ನೊಂದು ಸಂಗತಿ ಕೇಳಿ ಹಲವರು ಗಾಬರಿಯಾಗುತ್ತಾರೆ. ಐಸೋನಿಯಜಿಡ್ ದೊಡ್ಡವರಿಗೆ ಕೆ.ಜಿ.ಗೆ ಸುಮಾರು 5 ಮಿ.ಗ್ರಾಂ., ಮಕ್ಕಳಿಗೆ 10. ಚಿಕ್ಕ ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ಔಷಧಿಯನ್ನು ಬೇಗ ಖರ್ಚು ಮಾಡುತ್ತದೆ, ಅದಕ್ಕೇ ಈ ಲೆಕ್ಕ. 12ರಿಂದ 15 ಕೆ.ಜಿ. ತೂಕದ ಮಗುವಿಗೆ ನೀರಿನಲ್ಲಿ ಕರಗುವ ಮೂರು ಸಂಯುಕ್ತ ಗುಳಿಗೆ. 16 ಆದರೆ ನಾಲ್ಕು. ಊಟ ಸೇರಿ ಮಗು ಮೈದುಂಬಿಕೊಂಡಿತು ಎಂದರೆ ಡೋಸೂ ಬದಲಾಗಬಹುದು, ಹಾಗಾಗಿ ತೂಕ ನೋಡಿಸುವುದನ್ನು ತಪ್ಪಿಸಬೇಡಿ.

ಜೀನ್ ಪರೀಕ್ಷೆ ಮಾಡಿಸಲು ದಾವಣಗೆರೆಗೋ ಬೆಂಗಳೂರಿಗೋ ಓಡಬೇಕಿಲ್ಲ. ಮಾಮೂಲಿ ಚಿಕಿತ್ಸೆಗೆ ಅದು ಬೇಕಾಗುವುದಿಲ್ಲ. ನಿಧಾನದ ಮಕ್ಕಳಲ್ಲಿ ಲಿವರ್‌ಗೆ ತೊಂದರೆ, ಕೈಕಾಲು ಜುಮ್ಮೆನ್ನುವುದು ಸ್ವಲ್ಪ ಹೆಚ್ಚು, ಅಷ್ಟೇ. ಜುಮ್ಮೆನ್ನುವುದನ್ನು ತಡೆಯಲಿಕ್ಕೇ ಬಿ6 ವಿಟಮಿನ್ ಗುಳಿಗೆ ಕೊಡುವುದು. ಶಕ್ತಿ ಗುಳಿಗೆ ತಾನೇ ಎಂದು ಅದನ್ನು ಬಿಡಬೇಡಿ.

ಮೂತ್ರ ಕಿತ್ತಳೆ ಬಣ್ಣವಾದರೆ ಹೆದರಬೇಡಿ, ಅದು ಟಿ.ಬಿ. ಗುಳಿಗೆಯಲ್ಲೇ ಇರುವ ರಿಫಾಂಪಿಸಿನ್ ಎಂಬ ಇನ್ನೊಂದು ಔಷಧಿಯ ಬಣ್ಣ. ಆದರೆ ಕಣ್ಣಿನ ಬಿಳಿ ಭಾಗ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಬಂದು ಊಟ ಪೂರ್ತಿ ಬಿಟ್ಟರೆ ಮುಂದಿನ ಗುಳಿಗೆ ಕೊಡುವ ಮೊದಲೇ ಆಸ್ಪತ್ರೆಗೆ ಕರೆತನ್ನಿ. ದಾರಿ ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಅಪ್ಪನಿಗೋ ಅಜ್ಜಿಗೋ ಹಿಂದೆ ಟಿ.ಬಿ. ಗುಳಿಗೆ ತಗೊಂಡಾಗ ಕಾಮಾಲೆ ಆಗಿತ್ತೇ? ಅದನ್ನೂ ತಿಳಿಸಿ. ಲಿವರ್‌ಗೆ ತೊಂದರೆಯಾಗಿ ಗುಳಿಗೆ ನಿಲ್ಲಿಸಬೇಕಾಗಿ ಬಂದರೆ, ಅದು ಸುಧಾರಿಸಿದ ಮೇಲೆ ವೈದ್ಯರು ಔಷಧಿಗಳನ್ನು ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ಆ ದಿನಗಳಲ್ಲಿ ಕರೆದ ತಾರೀಖಿಗೆ ಬಂದು ರಕ್ತ ಕೊಡಲೇಬೇಕು.