ಸಿಂಥೆಟಿಕ್ ಆಯಿಲ್ ಮತ್ತು ನಮ್ಮೂರ ಧೂಳು

ಕಾರಿಗೆ ಸಿಂಥೆಟಿಕ್ ಆಯಿಲ್ ಹಾಕಿಸಿದರೆ ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು? ಇದರ ಉತ್ತರದಲ್ಲಿ ನಮ್ಮ ರಸಾಯನಶಾಸ್ತ್ರದ ಪಾಠವೂ ಇದೆ.

ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆದ ಮಿನರಲ್ ಆಯಿಲ್‌ನಲ್ಲಿ ನಾನಾ ಗಾತ್ರದ ಅಣುಗಳಿರುತ್ತವೆ. ಸಿಂಥೆಟಿಕ್‌ನಲ್ಲಿ ಅವು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಹಾಗಾಗಿ ಅದು ಎಂಜಿನ್ನಿನ ಶಾಖಕ್ಕೆ ಬೇಗ ಕೆಡುವುದಿಲ್ಲ. ಅನೇಕ ಕಂಪನಿಗಳು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತವೆ.

ಇಳಕಲ್ಲಿನ ಕ್ವಾರಿ ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸುವ ನಮ್ಮ ಚಾಚಾ, 'ತುಟ್ಟಿ ಆಯಿಲ್ ಹಾಕ್ಸೀನಿ, ಹದಿನೈದು ಸಾವಿರದ ತನಕ ಚಿಂತಿಲ್ಲ' ಅಂತಾರೆ. ಅವರ ಮನೆ ನಡೆಯುವುದೇ ಆ ಕಾರಿನಿಂದ. ನಾನು ಒಪ್ಪಲಿಲ್ಲ. ಸಿಂಥೆಟಿಕ್ ಶಾಖ ತಾಳುತ್ತದೆ, ಧೂಳಿಗೆ ಏನು ಮಾಡೀತು? ಗ್ರಾನೈಟ್ ಧೂಳಿನಲ್ಲಿ ಕ್ವಾರ್ಟ್ಸ್ ಇದೆ. ಮೋಹ್ಸ್ ಮಾಪಕದಲ್ಲಿ ಅದರ ಗಡಸುತನ 7. ಏರ್ ಫಿಲ್ಟರ್ ದಾಟಿದ ಕಣ ಆಯಿಲ್ ಸೇರಿ ಪಿಸ್ಟನ್ ರಿಂಗ್, ಬೇರಿಂಗ್‌ಗಳನ್ನು ಅರದಂತೆ ಉಜ್ಜುತ್ತದೆ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಧೂಳಿನ ರಸ್ತೆಗೆ ಬೇರೆ ಲೆಕ್ಕವಿರುತ್ತದೆ. ಕೆಲವದರಲ್ಲಿ ಅವಧಿ ಅರ್ಧಕ್ಕೇ ಇಳಿಯುತ್ತದೆ. ಆ ಪುಟವನ್ನು ಓದುವವರೇ ಕಡಿಮೆ!

ಇನ್ನು ಬಾಗಲಕೋಟೆಯ ನವನಗರದಲ್ಲಿ ದಿನಕ್ಕೆ 5 ಕಿ.ಮೀ. ಓಡುವ ಕಾರು ವರ್ಷಕ್ಕೆ 1,825 ಕಿ.ಮೀ. ಆಯಿತು. ಆದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ನೀರಿನ ಅಂಶ, ಸುಡದ ಪೆಟ್ರೋಲ್ ಆಯಿಲ್‌ನಲ್ಲೇ ಉಳಿಯುತ್ತವೆ. ಬಾದಾಮಿಗೆ ಒಮ್ಮೆ ಹೋಗಿಬಂದರೆ ಅವು ಬಹುಪಾಲು ಆವಿಯಾಗುತ್ತವೆ.

ಆಯಿಲ್ ಕಪ್ಪಾದ ಮಾತ್ರಕ್ಕೆ ಕೆಟ್ಟಿದೆ ಎನ್ನಲಾಗದು. ಅದರಲ್ಲಿರುವ ಡಿಟರ್ಜೆಂಟ್ ಮಸಿಯನ್ನು ಹಿಡಿದಿಟ್ಟಾಗಲೂ ಬಣ್ಣ ಹಾಗೇ ಆಗುತ್ತದೆ. ಬದಲಿಸುವಾಗ ಆಯಿಲ್ ಫಿಲ್ಟರನ್ನೂ ಬದಲಿಸಿ, ಏರ್ ಫಿಲ್ಟರ್ ಬಿಚ್ಚಿಸಿ ನೋಡಿ.