ಬೆಂಕಿ ಹೋದ ಚಿಮಣಿಗೆ ಗಾಳಿ ಬೇಕು

ಪೇಂಟರನ್ನು ಕರೆಸುವ ಮುಂಚೆ ಒಂದು ಮಾತು ಕೇಳು ಮಗಳೇ. ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಹಾಲಿನ ಫೈರ್‌ಪ್ಲೇಸ್ ಕಿತ್ತು, ಅದರ ಬಾಯಿಗೆ ಹಲಗೆ ಬಡಿದು, ಮೇಲೆ ಪ್ಲಾಸ್ಟರ್ ಬಳಿದು ಗೋಡೆಯನ್ನು ನುಣ್ಣಗೆ ಮಾಡಿದ್ದಾರೆ. ಟೀವಿ ಇಡಲು ಒಳ್ಳೆಯ ಜಾಗವೇ. ಆದರೆ ಆ ಗೋಡೆಯಲ್ಲಿ ಎಲ್ಲೂ ಒಂದು ಜಾಲರಿ ಕಾಣಲಿಲ್ಲ. ಮೇಲಿನ ಬೆಡ್‌ರೂಮಿನಲ್ಲಿ, ಅದೇ ಚಿಮಣಿ ಹಾದು ಹೋಗುವ ಕಡೆ, ಗೋಡೆಗೆ ಕಂದು ಕಲೆ ಬಂದಿದೆ. ನೀನು ಅದನ್ನು ಹಳೇ ಬಣ್ಣ ಅಂದುಕೊಂಡಿದ್ದೀಯ. ಬಣ್ಣ ಅಲ್ಲ, ಪಸೆ.

ಇಂಗ್ಲೆಂಡಿನ ಈ ಹಳೇ ಸಾಲುಮನೆಗಳನ್ನು ಕಟ್ಟಿದ್ದೇ ಕಲ್ಲಿದ್ದಲ ಬೆಂಕಿಯನ್ನು ನಂಬಿ. ವಿಕ್ಟೋರಿಯಾ ರಾಣಿಯ ಕಾಲದ ಮನೆ ಅಂದರೆ ಹೆಚ್ಚುಕಡಿಮೆ ಪ್ರತಿ ಕೋಣೆಗೂ ಒಂದು ಫೈರ್‌ಪ್ಲೇಸ್, ಪ್ರತಿ ಫೈರ್‌ಪ್ಲೇಸಿಗೂ ತನ್ನದೇ ಒಂದು ಹೊಗೆಕೊಳವೆ. ಹೊರಗಿನಿಂದ ಒಂದೇ ಚಿಮಣಿ ಕಂಡರೂ ಒಳಗೆ ನಾಲ್ಕು ಕೊಳವೆ ಇರಬಹುದು. ಬೀದಿಗೆ ಬಂದು ಛಾವಣಿಯ ಮೇಲಿನ ಮಣ್ಣಿನ ಕೊಳಾಯಿಗಳನ್ನು ಎಣಿಸು, ಲೆಕ್ಕ ಸಿಗುತ್ತದೆ. (1662ರಲ್ಲಿ ಇಲ್ಲಿನ ಸರ್ಕಾರವೂ ಹೀಗೇ ಎಣಿಸಿತ್ತು; ಒಲೆಗೆ ವರ್ಷಕ್ಕೆ ಎರಡು ಶಿಲಿಂಗ್ ತೆರಿಗೆ! ಜನ ಶಾಪ ಹಾಕಿ ಹಾಕಿ 1689ರಲ್ಲಿ ಅದು ರದ್ದಾಯಿತು.) ಆಮೇಲೆ 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಆ ಭಯಂಕರ ಹೊಗೆಮಂಜು ಕವಿಯಿತು, 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು, ಅದರ ಹಿಂದೆಯೇ ಗ್ಯಾಸ್, ರೇಡಿಯೇಟರು. ಫೈರ್‌ಪ್ಲೇಸುಗಳು ಬೇಡವಾದವು. ಊರಿಗೆ ಊರೇ ಅವುಗಳ ಬಾಯಿ ಮುಚ್ಚಿತು.

ಬೆಂಕಿ ಉರಿಯುತ್ತಿದ್ದಷ್ಟು ದಿನ ಚಿಮಣಿಯ ಚಿಂತೆ ಯಾರಿಗೂ ಇರಲಿಲ್ಲ. ಮೇಲಿನ ಬಾಯಿಂದ ಮಳೆ ಬಿದ್ದರೆ ಬಿಸಿಗೆ ಅಲ್ಲೇ ಆರುತ್ತಿತ್ತು. ಬಿಸಿ ಗಾಳಿ ಮೇಲಕ್ಕೆ ಎಳೆಯುತ್ತಲೇ ಇರುತ್ತಿತ್ತು. ಕೊಳವೆಯ ಒಳಮೈಗೆ ಏನು ಬಳಿಯುತ್ತಿದ್ದರು ಗೊತ್ತೇ? ಸುಣ್ಣದ ಗಾರೆಗೆ ಸಗಣಿ ಕಲಸಿ! ನಮ್ಮ ಅಜ್ಜಿಯಂದಿರಿಗೆ ಸಗಣಿ ಸಾರಿಸುವುದು ಹಳ್ಳಿಗಾಡಿನ ಪದ್ಧತಿ ಎಂದು ಹೇಳಿದವರ ಮನೆಯ ಗೋಡೆಯೊಳಗೂ ಅದೇ ಇತ್ತು. ಆ ಬಳಿತ ಈಗ ಎಷ್ಟೋ ಕಡೆ ಉದುರಿ ಹೋಗಿರುತ್ತದೆ.

ಈಗ ಬೆಂಕಿ ಇಲ್ಲ. ಮೇಲೆ ಬಾಯಿ ತೆರೆದಿದ್ದು ಕೆಳಗೆ ಮುಚ್ಚಿದ್ದರೆ ಬಿದ್ದ ಮಳೆ ನೀರಿಗೆ ಆರುವ ದಾರಿ ಇಲ್ಲ. ಎರಡೂ ಕಡೆ ಮುಚ್ಚಿದ್ದರೆ ಇನ್ನೂ ಕೆಟ್ಟದ್ದು. ನೀನು ಬೆಳಿಗ್ಗೆ ಅನ್ನಕ್ಕಿಟ್ಟ ಕುಕ್ಕರಿನ ಹಬೆ, ರೇಡಿಯೇಟರಿನ ಮೇಲೆ ಒಣ ಹಾಕಿದ ಬಟ್ಟೆಯ ತೇವ, ಸ್ನಾನದ ಮನೆಯ ಬಿಸಿ ಗಾಳಿ, ಎಲ್ಲ ಸಂದುಗೊಂದುಗಳಲ್ಲಿ ನುಸುಳಿ ಆ ಕೊಳವೆ ಸೇರುತ್ತದೆ. ಛಾವಣಿಯಾಚೆಗಿನ ತಣ್ಣನೆ ಇಟ್ಟಿಗೆಗೆ ತಾಗಿ ನೀರಾಗುತ್ತದೆ. ಆ ನೀರು ಬರೀ ನೀರಲ್ಲ. ನೂರು ವರ್ಷದ ಇಲ್ಲಣ ಅಲ್ಲಿ ಅಂಟಿಕೊಂಡಿದೆ. ಕಲ್ಲಿದ್ದಲ ಗಂಧಕ, ಡಾಂಬರಿನಂಥ ಅಂಟು, ಬಗೆಬಗೆಯ ಲವಣ, ಎಲ್ಲವನ್ನೂ ಕರಗಿಸಿಕೊಂಡು ಇಟ್ಟಿಗೆ ದಾಟಿ ಬೆಡ್‌ರೂಮಿನ ಗೋಡೆಗೆ ಬರುತ್ತದೆ. ಒಮ್ಮೆ ಪ್ಲಾಸ್ಟರಿಗೆ ಆ ಲವಣ ಸೇರಿತೋ, ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆದ ಹಾಗೆ, ಕೋಣೆಯ ಗಾಳಿಯಲ್ಲಿನ ತೇವವನ್ನೇ ಹೀರಿಕೊಂಡು ಒದ್ದೆಯಾಗುತ್ತದೆ. ಒಂದು ವಾರ ಕಲೆ ಕಾಣುತ್ತದೆ, ಇನ್ನೊಂದು ವಾರ ಮಾಯ. ಅದಕ್ಕೇ ಜನ ಛಾವಣಿಯವನನ್ನೂ ಪ್ಲಂಬರನ್ನೂ ಸರದಿಯಲ್ಲಿ ಕರೆಸುತ್ತಾರೆ.

ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬುತ್ತೇವೆ, ನೆಲದಿಂದ ಪಸೆ ಏರುತ್ತಿದೆ ಅಂತ ಹೇಳುವವರು ಬಂದರೆ ಬಾಗಿಲಲ್ಲೇ ಒಂದು ಪ್ರಶ್ನೆ ಕೇಳು: ನೆಲದ ತೇವ ಹಾಲಿನ ಗೋಡೆ ಬಿಟ್ಟು ನೇರವಾಗಿ ಮೊದಲ ಮಹಡಿಗೆ ಹೇಗೆ ಹಾರಿತು? ನೀರು ತಡೆಯುವ ಪೇಂಟ್ ಹಚ್ಚಿಸುವುದೂ ಬೇಡ. ಲವಣ ಅದನ್ನು ಹೊಟ್ಟೆಯುಬ್ಬಿಸಿ ಕೆಡವುತ್ತದೆ.

ಮಾಡಬೇಕಾದ್ದು ದೊಡ್ಡ ಕೆಲಸವಲ್ಲ. ಚಿಮಣಿಗೆ ಕೆಳಗೊಂದು ಕಂಡಿ, ಮೇಲೊಂದು ಟೋಪಿ. ಮೊದಲು ಚಿಮಣಿ ಗುಡಿಸುವವನನ್ನು ಕರೆಸಿ ಒಳಗಿನ ಮಸಿ, ಉದುರಿದ ಗಾರೆ, ಹಕ್ಕಿಗೂಡಿನ ಕಡ್ಡಿ ಎಲ್ಲ ತೆಗೆಸು. ಅದನ್ನು ಬಿಟ್ಟು ಬರೀ ಜಾಲರಿ ಹಾಕಿಸಿದರೆ ಮಸಿ ವಾಸನೆ ಹಾಲಿಗೆ ಬರುತ್ತದೆ, ಗೂಡು ಅಡ್ಡ ಕೂತಿದ್ದರೆ ಗಾಳಿಯೂ ಆಡುವುದಿಲ್ಲ. ಮೇಲೆ, ಮಳೆ ತಡೆದು ಪಕ್ಕದಿಂದ ಗಾಳಿ ಬಿಡುವಂಥ ಟೋಪಿ, ಹಕ್ಕಿ ಹೋಗದ ಬಲೆ ಸಮೇತ. ಸಿಮೆಂಟ್ ಚಪ್ಪಡಿ ಇಟ್ಟು ಪೂರ್ತಿ ಮುಚ್ಚಿಬಿಡೋಣ ಅಂದರೆ ಒಪ್ಪಬೇಡ. ಕೆಳಗೆ, ಸ್ಕರ್ಟಿಂಗ್ ಹಲಗೆಯ ಸ್ವಲ್ಪ ಮೇಲೆ, ಸುಮಾರು 9 ಇಂಚು ಅಗಲ, 3 ಇಂಚು ಎತ್ತರದ ಜಾಲರಿ ಸಾಕು. ಕೊಳವೆಗಳು ಬೇರೆ ಬೇರೆ ಅಂದೆನಲ್ಲ, ಹಾಗಾಗಿ ಮುಚ್ಚಿದ ಒಂದೊಂದು ಫೈರ್‌ಪ್ಲೇಸಿಗೂ ಒಂದೊಂದು. ಹಾಲಿನದಕ್ಕೆ ಹಾಕಿಸಿ ಬೆಡ್‌ರೂಮಿನದನ್ನು ಮರೆಯುವುದು ಇಲ್ಲಿನ ಬಿಲ್ಡರುಗಳ ಹಳೇ ಚಾಳಿ.

ಚಿಮಣಿ ಮನೆಯ ಹೊರಗೋಡೆಗೆ ಅಂಟಿಕೊಂಡಿದ್ದರೆ ಜಾಲರಿಯನ್ನು ಕೋಣೆಗೆ ಇಡುವುದಕ್ಕಿಂತ ಹೊರಗಿನಿಂದಲೇ ರಂಧ್ರದ ಇಟ್ಟಿಗೆ ಕೂರಿಸುವುದು ಮೇಲು. ಆಗ ಒಳಗಿನ ಬಿಸಿ ಹಬೆ ಕೊಳವೆಗೆ ಹೋಗುವುದಿಲ್ಲ, ಕೋಣೆಯ ಬಿಸಿಯೂ ಉಳಿಯುತ್ತದೆ. ನಿಮ್ಮದು ಪಕ್ಕದ ಮನೆಯವರ ಜೊತೆ ಹಂಚಿಕೊಂಡ ಗೋಡೆಯ ಹಾಗೆ ಕಾಣುತ್ತದೆ, ಆದ್ದರಿಂದ ಒಳಗೇ ಆಗಬೇಕು. ಚಳಿಗಾಳಿ ಬರುತ್ತದೆ ಅಂತ ಅಳಿಯಂದಿರು ಹೇಳುತ್ತಾರೆ, ನನಗೆ ಗೊತ್ತು. ಅಷ್ಟು ಸಣ್ಣ ಕಂಡಿಯಲ್ಲಿ ಹೋಗುವ ಬಿಸಿ ಸ್ವಲ್ಪವೇ. ಅದಕ್ಕೆ ಟೇಪ್ ಅಂಟಿಸಬೇಡಿ ಅಂತ ಮಾತ್ರ ಹೇಳು.

ಇದಕ್ಕೆ ಮುಂಚೆ ಯಾರಾದರೂ ಅಟ್ಟಕ್ಕೆ ಹತ್ತಿ ನೋಡಬೇಕು. ಹಿಂದಿನ ಮಾಲೀಕರು ಛಾವಣಿಯ ಮೇಲಿನ ಚಿಮಣಿಯನ್ನು ಒಡೆಸಿ ಅಟ್ಟದೊಳಗೇ ನಿಲ್ಲಿಸಿದ್ದರೆ ನಾನು ಹೇಳಿದ್ದೆಲ್ಲ ಹಾಗೇ ಅನ್ವಯಿಸುವುದಿಲ್ಲ. ಅಲ್ಲಿ ಮಳೆಯ ಕಾಟ ಇಲ್ಲ, ಆದರೆ ಕೋಣೆಯ ಹಬೆ ತಣ್ಣನೆ ಅಟ್ಟಕ್ಕೆ ಏರಿ ಮರದ ತೊಲೆಗಳ ಮೇಲೆ ಬೂಷ್ಟು ಹಿಡಿಸುತ್ತದೆ. ಹಾಗಿದ್ದರೆ ನನಗೆ ಫೋಟೋ ಕಳಿಸು, ಆಮೇಲೆ ಮಾತಾಡೋಣ.

ಇನ್ನು ಹುಡುಗಾಟ ಸಲ್ಲದ ವಿಷಯ. ನಿಮ್ಮ ಬಾಯ್ಲರ್ ಅಥವಾ ಯಾವುದಾದರೂ ಗ್ಯಾಸ್ ಹೀಟರ್ ಇನ್ನೂ ಆ ಕೊಳವೆಗಳಲ್ಲಿ ಒಂದನ್ನು ಬಳಸುತ್ತಿದೆಯೇ ಎಂದು ಗ್ಯಾಸ್ ಸೇಫ್ ನೋಂದಣಿ ಇರುವವರಿಂದ ತಿಳಿದುಕೊಳ್ಳದೆ ಮೇಲಿನ ಬಾಯಿಗಾಗಲಿ ಕೆಳಗಿನ ಬಾಯಿಗಾಗಲಿ ಕೈ ಹಾಕಿಸಬೇಡ. ಪಕ್ಕದ ಮನೆಯವರು ಸೌದೆ ಒಲೆ ಉರಿಸುತ್ತಾರಾ ಅಂತಲೂ ವಿಚಾರಿಸು. ಅವರ ಕೊಳವೆಗೂ ನಿನ್ನದಕ್ಕೂ ನಡುವೆ ಇರುವುದು ಅರ್ಧ ಇಟ್ಟಿಗೆ ದಪ್ಪದ ಗೋಡೆ, ಹಳೇ ಗಾರೆ ಉದುರಿದ ಕಡೆ ಅವರ ಹೊಗೆ ನಿನ್ನ ಜಾಲರಿಯಿಂದ ಬಂದೀತು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಹಾಲಿಗೊಂದು, ಬೆಡ್‌ರೂಮಿಗೊಂದು ಅಲಾರಂ ಇವತ್ತೇ ತರಿಸು. ಹಾಗೆಯೇ, ಫೈರ್‌ಪ್ಲೇಸಿನ ಬಾಯಿ ಮುಚ್ಚಿದ ಹಲಗೆ ಹಳೇದಾಗಿದ್ದರೆ ಗರಗಸ ಹಾಕುವ ಮುಂಚೆ ಪರೀಕ್ಷೆ ಮಾಡಿಸು. ಈ ದೇಶದಲ್ಲಿ ಕಲ್ನಾರು ಪೂರ್ತಿ ನಿಷೇಧವಾದದ್ದು 1999ರಲ್ಲಿ.

ಜಾಗ ಸಾಲದು, ಕೋಣೆಗೆ ಚಾಚಿಕೊಂಡಿರುವ ಚಿಮಣಿಯನ್ನೇ ಒಡೆಸಿಬಿಡೋಣ ಅಂತ ನೀನು ಬರೆದಿದ್ದೀಯ. ಅದು ಗಾಳಿಯ ಪ್ರಶ್ನೆ ಅಲ್ಲ, ಭಾರದ ಪ್ರಶ್ನೆ. ಕೆಳಗಿನದನ್ನು ತೆಗೆದರೆ ಮೇಲಿನ ಇಟ್ಟಿಗೆಯೆಲ್ಲ ಯಾವುದರ ಮೇಲೆ ನಿಲ್ಲಬೇಕು? ಸ್ಟ್ರಕ್ಚರಲ್ ಎಂಜಿನಿಯರಿನ ಲೆಕ್ಕ, ಕೌನ್ಸಿಲ್ಲಿನ ಕಟ್ಟಡ ವಿಭಾಗದ ಒಪ್ಪಿಗೆ, ಹಂಚಿಕೆಯ ಗೋಡೆಯಾದರೆ 1996ರ ಕಾನೂನಿನಂತೆ ಪಕ್ಕದವರಿಗೆ ಎರಡು ತಿಂಗಳು ಮುಂಚೆ ನೋಟಿಸ್, ಇಷ್ಟೂ ಬೇಕು. ಈ ವರ್ಷಕ್ಕೆ ಅದನ್ನು ಕೈಬಿಡು.

ಬೆಡ್‌ರೂಮಿನ ಕಲೆಯ ವಿಷಯಕ್ಕೆ ಬಂದರೆ, ಲವಣ ಹಿಡಿದ ಆ ಪ್ಲಾಸ್ಟರ್ ಗಾಳಿಯಾಡಿಸಿದರೂ ಸರಿಹೋಗುವುದಿಲ್ಲ. ಇಟ್ಟಿಗೆ ಕಾಣುವವರೆಗೆ ಕೆತ್ತಿಸು. ಕೆಲವು ತಿಂಗಳು ಹಾಗೇ ಆರಲಿ. ನೆಂಟರು ಬಂದರೆ ಒಂದು ಬೀರು ಅಡ್ಡ ಇಟ್ಟುಕೋ, ಗೋಡೆಗೆ ಒತ್ತಿ ಅಲ್ಲ, ಒಂದು ಗೇಣು ಬಿಟ್ಟು. ಆಮೇಲೆ ಜಿಪ್ಸಂ ಬೇಡ, ಸುಣ್ಣದ ಗಾರೆಯನ್ನೇ ಮಾಡಿಸು. ಗೊತ್ತಿರುವ ಕೆಲಸಗಾರ ಸ್ವಲ್ಪ ಹೆಚ್ಚು ಕೇಳುತ್ತಾನೆ, ಕೊಡು.

ಗುಡಿಸುವವನಿಗೆ ಈಗಲೇ ಫೋನ್ ಮಾಡು. ಚಿಮಣಿಯಲ್ಲಿ ಜಾಕ್‌ಡಾ ಕಾಗೆಗಳು ಮರಿ ಮಾಡಿದ್ದರೆ ಅವು ಹಾರಿ ಹೋಗುವವರೆಗೆ ಗೂಡು ಮುಟ್ಟುವಂತಿಲ್ಲ, 1981ರ ವನ್ಯಜೀವಿ ಕಾನೂನು ಬಿಡುವುದಿಲ್ಲ. ಅಕ್ಟೋಬರ್ ಆದರೆ ಒಲೆ ಹೊತ್ತಿಸುವವರೆಲ್ಲ ಅವನ ಹಿಂದೆ ಬಿದ್ದಿರುತ್ತಾರೆ. ಸೆಪ್ಟೆಂಬರಿಗೆ ದಿನ ಗೊತ್ತು ಮಾಡಿಕೋ. ಅಳಿಯಂದಿರನ್ನು ಮಾತ್ರ ಛಾವಣಿ ಹತ್ತಲು ಬಿಡಬೇಡ.