ಒಂದೇ ಹೊಲ, ಎರಡು ತಳಿ

ರಾಗಿ ತಳಿಗಳನ್ನು ರೈತರ ಹೊಲದಲ್ಲೇ ಹೋಲಿಸಿ ನೋಡುವ ಕೆಲಸ ನನ್ನದು. ಜಿಪಿಯು-28, ಎಂಎಲ್-365 ಇವೆರಡರಲ್ಲಿ ಯಾವುದು ಹೆಚ್ಚು ಕೊಡುತ್ತದೆ ಎಂದು ಯಾರಾದರೂ ಕೇಳಿದರೆ, ಯಾರ ಹೊಲದಲ್ಲಿ ಎಂದು ನಾನು ಮರಳಿ ಕೇಳುತ್ತೇನೆ. ಕೆರೆಗೋಡು ಹೊಡೆಸಿದ ಹೊಲಕ್ಕೂ ಪಕ್ಕದ ಕಲ್ಲುನೆಲಕ್ಕೂ ಇರುವ ಅಂತರ, ತಳಿಗಳ ನಡುವಿನ ಅಂತರವನ್ನು ಸುಲಭವಾಗಿ ನುಂಗಿಬಿಡುತ್ತದೆ. ಅದಕ್ಕೇ ಪ್ರತಿ ಹೊಲವನ್ನೂ ಎರಡು ಪಾಲು ಮಾಡಿ, ಎರಡೂ ತಳಿಗಳನ್ನು ಒಂದೇ ದಿನ ಬಿತ್ತಿಸಿ, ಕೊನೆಗೆ ಒಂದರ ಇಳುವರಿಯಿಂದ ಇನ್ನೊಂದರದ್ದನ್ನು ಕಳೆಯುತ್ತೇವೆ. ಮಣ್ಣು, ಮಳೆ, ಗೊಬ್ಬರದ ಹೆಚ್ಚುಕಡಿಮೆ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಉಳಿದ ವ್ಯತ್ಯಾಸಗಳ ಮೇಲೆ ನಡೆಯುವುದು ಜೋಡಿ ಟಿ-ಪರೀಕ್ಷೆ.

ಲೆಕ್ಕ ಕಾಲು ಗಂಟೆಯ ಕೆಲಸ. ಜೋಡಿ ಕೆಡದ ಹಾಗೆ ನೋಡಿಕೊಳ್ಳುವುದು ಬಿತ್ತನೆಯಿಂದ ಒಕ್ಕಣೆಯವರೆಗಿನ ಕೆಲಸ. "ಸಾರ್, ಹುಣಸೆಮರದ ಕಡೆ ಹಳೇದೇ ಇರ್ಲಿ, ಹೊಸದನ್ನ ಒಳ್ಳೆ ಕಡೆ ಹಾಕಣ" ಎಂದರು ಒಬ್ಬ ಹಿರಿಯರು. ಹೊಸ ಬೀಜದ ಮೇಲಿನ ಅಕ್ಕರೆಯ ಮಾತದು. ಆದರೆ ಹಾಗೆ ಮಾಡಿದರೆ ಮರದ ನೆರಳು ಹಳೆ ತಳಿಯ ಲೆಕ್ಕಕ್ಕೆ ಬೀಳುತ್ತದೆ. ಎಲ್ಲ ಹೊಲಗಳಲ್ಲೂ ಹೀಗಾದರೆ ಯಾವ ಸೂತ್ರವೂ ಅದನ್ನು ಹೊರತೆಗೆಯಲಾರದು. "ಯಜಮಾನ್ರೇ, ನೆರಳು ಎರಡಕ್ಕೂ ಸಮ ಬರಲಿ" ಎಂದು ಸಾಲುಗಳ ದಿಕ್ಕು ತಿರುಗಿಸಿದೆವು. ಯಾವ ತಳಿ ಯಾವ ಪಾಲಿಗೆ ಎಂಬುದನ್ನು ನಾಣ್ಯ ಚಿಮ್ಮಿ ಗೊತ್ತು ಮಾಡಿದೆವು. ಕೊಯ್ಲಿನಲ್ಲಿ ಬದುವಿನ ಪಕ್ಕದ ಸಾಲುಗಳನ್ನು ಬಿಡಬೇಕು, ಕಾಳನ್ನು ಒಂದೇ ಹದಕ್ಕೆ ಒಣಗಿಸಿಯೇ ತೂಗಬೇಕು.

ಈ ಪರೀಕ್ಷೆಯ ಮೂಲಪುರುಷ ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದವರು. 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ 1908ರಲ್ಲಿ ಅವರು ಬರೆದ ಲೇಖನದಲ್ಲಿ ಬಾರ್ಲಿಯ 11 ಜೋಡಿಗಳಿವೆ. ಬೀಜವನ್ನು ಗೂಡಿನ ಶಾಖದಲ್ಲಿ ಒಣಗಿಸಿ ಬಿತ್ತಿದರೆ ಲಾಭವುಂಟೇ ಎಂಬುದು ಪ್ರಶ್ನೆ. ಒಣಗಿಸದ ಬೀಜದ ಇಳುವರಿ ಎಕರೆಗೆ 1316 ಪೌಂಡಿನಿಂದ 2496ರವರೆಗೆ ಏರಿಳಿದಿದೆ. ಜೋಡಿಯೊಳಗಿನ ಸರಾಸರಿ ವ್ಯತ್ಯಾಸ ಬರೀ 33.7 ಪೌಂಡ್. ಜೋಡಿ ಬಿಡಿಸಿ ನೋಡಿದರೆ ಅದು ಕಣ್ಣಿಗೇ ಬೀಳದು. ಜೋಡಿಯಾಗಿ ನೋಡಿದರೂ, 7 ಕಡೆ ಒಣಗಿಸಿದ್ದೇ ಮೇಲಾದರೂ, ಟಿ ಬೆಲೆ ಸುಮಾರು 1.69; ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎನ್ನಲು ಶೇ. 5ರ ಮಟ್ಟದಲ್ಲಿ 2.228 ಬೇಕು.

ಇಂಥ ಫಲಿತಾಂಶ ಬಂದಾಗ "ಎರಡೂ ಒಂದೇ" ಎಂದು ರೈತರಿಗೆ ಹೇಳಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಗಾಸೆಟ್ ಅಂಕಿಗಳ ಪ್ರಕಾರ ನಿಜವಾದ ವ್ಯತ್ಯಾಸ ಸುಮಾರು 11 ಪೌಂಡ್ ನಷ್ಟದಿಂದ 78 ಪೌಂಡ್ ಲಾಭದವರೆಗೆ ಎಲ್ಲಾದರೂ ಇರಬಹುದು. ನಮ್ಮ ರೈತರ ಮುಂದೆಯೂ ಆ ಎರಡು ತುದಿಗಳನ್ನೇ, ಎಕರೆಗೆ ಇಷ್ಟು ಕ್ವಿಂಟಲ್ ಎಂದು ಇಡುತ್ತೇನೆ. ಮುಂದಿನ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತು. ಹಸು ಕಟ್ಟಿದವರು ಕಾಳು ತುಸು ಕಡಿಮೆಯಾದರೂ ಹುಲ್ಲು ಹೆಚ್ಚು ಕೊಡುವ ತಳಿಗೆ ಮನಸ್ಸು ಮಾಡುತ್ತಾರೆ. ಹಾಗಾಗಿ ಈಗ ರಾಗಿಹುಲ್ಲನ್ನೂ ಜೋಡಿಯಾಗಿಯೇ ತೂಗುತ್ತಿದ್ದೇವೆ.